ಊರಿಗೆ ವಾಪಸ್ ಬರುವಂಥ ದೋಣಿ ಕೊಳ್ಳಿ

ಹಾಯಿದೋಣಿಗೆಂದು ಚೀಟಿ ಹಾಕಿರುವ ಹೆಬ್ಬೂರು, ಗೂಳೂರು, ಕುಣಿಗಲ್ ಕಡೆಯ ತಮ್ಮಂದಿರಿಗೆ, ತಂಗಿಯರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಚೀಟಿ ಮುಗಿಯುತ್ತಾ ಬಂದಿದೆಯಂತೆ. ದೀಪಾವಳಿ ಹೊತ್ತಿಗೆ ಹಣ ಕೈಸೇರುತ್ತದೆ, ಗೋವಾದ ಹೊಳೆಯೊಂದರಲ್ಲಿ ಲಂಗರು ಹಾಕಿಕೊಂಡು ನಿಂತಿರುವ 26 ಅಡಿಯ ಹಳೇ ಹಾಯಿದೋಣಿಯನ್ನು ಕೊಂಡು ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿ ಹಿಡಿದು ಸಾಗಬೇಕು ಅನ್ನುವುದು ನಿಮ್ಮ ಯೋಚನೆ ಎಂದು ಕೇಳಿದೆ. ಸಮುದ್ರದಿಂದ ಇಷ್ಟು ದೂರದ ಊರಿನ ಹುಡುಗ ಹುಡುಗಿಯರಿಗೆ ಈ ಆಸೆ ಹುಟ್ಟಿದ್ದು ನನಗೆ ತುಂಬ ಸಂತೋಷ ಕೊಟ್ಟ ಸುದ್ದಿ. ಆದರೆ ಆ ದೋಣಿಯನ್ನು ಕೊಳ್ಳಬೇಡಿ. ಯಾಕೆ ಬೇಡ, ಅದರ ಬದಲು ಎಂಥದ್ದು ಬೇಕು ಅನ್ನುವುದನ್ನು ಹೇಳುವುದಕ್ಕೇ ಈ ಕಾಗದ. ಬಹಿರಂಗವಾಗಿ ಬರೆಯುತ್ತಿರುವುದು, ಇದೇ ಪ್ರಶ್ನೆಯನ್ನು ನಾಳೆ ತಿಪಟೂರಿನವರೋ ಹಾಸನದವರೋ ಕೇಳಬಹುದು ಎಂದು.

ನಾನೂ ಹೆಬ್ಬೂರಿನವನೇ. ನೌಕರಿ ಕುಂದಾಪುರಕ್ಕೆ ಕರೆತಂದಿತು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಗಂಗೊಳ್ಳಿಯ ಹೊಳೆಯಲ್ಲಿ ನನ್ನದೊಂದು ಸಣ್ಣ ಹಾಯಿದೋಣಿ ಇದೆ. ಈ ಕಡಲು ಯಾವ ತಿಂಗಳಲ್ಲಿ ಹೇಗಿರುತ್ತದೆ ಅನ್ನುವುದನ್ನು ನನಗೆ ಕಲಿಸಿದವರು ಇಲ್ಲಿಯ ಮೀನುಗಾರರಾದ ಖಾರ್ವಿಗಳು ಮತ್ತು ಮೊಗವೀರರು. ಮುಂದೆ ಬರೆದಿರುವುದರಲ್ಲಿ ಬಹುಪಾಲು ಅವರಿಂದ ಬಂದದ್ದು.

ಮೊದಲು ಹವಾಮಾನದ ಮಾತು, ದೋಣಿಯ ಅಳತೆಯನ್ನು ನಿರ್ಧರಿಸುವುದೇ ಅದು. ನಮ್ಮ ಕರಾವಳಿಯಲ್ಲಿ ಹಾಯಿದೋಣಿಯವರಿಗೆ ವರ್ಷದಲ್ಲಿ ಸಿಗುವುದು ಆರು ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಅದು ಮೀನಿನ ಸಂತಾನಕ್ಕಾಗಿ ಇಟ್ಟ ನಿಯಮವಾದರೂ, ಆ ಕಾಲದ ಕಡಲನ್ನು ಒಮ್ಮೆ ದಡದಲ್ಲಿ ನಿಂತು ನೋಡಿದರೆ ಇಳಿಯುವ ಮನಸ್ಸೇ ಬರುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲೂ ಅಲೆ ಪೂರ್ತಿ ತಗ್ಗಿರುವುದಿಲ್ಲ. ಅಕ್ಟೋಬರ್‌ನಲ್ಲಿ ಹಿಂಗಾರಿನ ಗುಡುಗು, ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಬಿರುಗಾಳಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮಂಗಳೂರು, ಮುಲ್ಕಿ ಕಡೆಯ ನೀರಿನಲ್ಲಿ ಟಗ್‌ಗಳೇ ಕೈತಪ್ಪಿ ಹೋದವು. ಹಡಗನ್ನು ಎಳೆಯುವಷ್ಟು ಶಕ್ತಿಯಿರುವ ದೋಣಿಗಳು ಅವು. ಹಾಗಾಗಿ ನವೆಂಬರ್‌ನಿಂದ ಏಪ್ರಿಲ್‌ವರೆಗಿನದನ್ನು ನಿಮ್ಮ ಕಾಲ ಎಂದು ಇಟ್ಟುಕೊಳ್ಳಿ.

ಉಳಿದ ಆರು ತಿಂಗಳು ದೋಣಿ ಎಲ್ಲಿರುತ್ತದೆ? ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ವಿಹಾರದೋಣಿಗಳಿಗೆಂದೇ ಕಟ್ಟಿದ ಮರೀನಾ ನಮ್ಮ ಕರಾವಳಿಯಲ್ಲಿಲ್ಲ. ದಕ್ಷಿಣಕ್ಕೆ ಕೊಚ್ಚಿಯ ಬೋಲ್ಗಾಟಿಯವರೆಗೆ ಹೋಗಬೇಕು. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ಮಂಗಳೂರಿನ ಹಳೇ ಬಂದರಿನ ದಕ್ಕೆಯಲ್ಲಿ ಮಳೆಗಾಲ ಬಂತೆಂದರೆ ಮೀನುಗಾರಿಕೆ ಬೋಟುಗಳು ಒಂದರ ಮೈಗೆ ಒಂದು ಒತ್ತಿಕೊಂಡು ನಿಂತಿರುತ್ತವೆ. ಅವರ ಹೊಟ್ಟೆಪಾಡಿನ ಜಾಗ ಅದು, ಅಲ್ಲಿ ನಿಮ್ಮ ಸಂತೋಷದ ದೋಣಿಗೆ ಜಾಗ ಕೇಳುವುದು ನ್ಯಾಯವೂ ಅಲ್ಲ. ಹೊಳೆಯ ನಡುವೆ ಲಂಗರು ಹಾಕಿ ಬಿಟ್ಟುಬರುತ್ತೇವೆ ಎಂದರೆ, ಘಟ್ಟದ ಮೇಲೆ ಮಳೆ ಬಿದ್ದು ನೆರೆ ಇಳಿಯುವಾಗ ಮರದ ದಿಮ್ಮಿಗಳು ತೇಲಿಬಂದು ಲಂಗರಿನ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತವೆ. ಇದೆಲ್ಲ ಆಗುವಾಗ ನೀವು ಮುನ್ನೂರು ಕಿಲೋಮೀಟರ್ ಆಚೆ ಇರುತ್ತೀರಿ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೂ ಮುಚ್ಚಿರಬಹುದು.

ಅದಕ್ಕೇ ಹೇಳುವುದು, ಊರಿಗೆ ವಾಪಸ್ ಬರುವಂಥ ದೋಣಿ ಕೊಳ್ಳಿ ಎಂದು. ಟ್ರೇಲರ್ ಮೇಲೆ ಕೂತು ಬೊಲೆರೊ ಹಿಂದೆ ಬರುವಂಥದ್ದು. ನಮ್ಮ ಊರಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಗಮನಿಸಿದ ಹಾಗಿಲ್ಲ. ಹೆಬ್ಬೂರಿನಿಂದ ಕುಣಿಗಲ್‌ಗೆ ಹೋದರೆ ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಸಕಲೇಶಪುರ ದಾಟಿ ನೇರ ಮಂಗಳೂರಿಗೆ ಇಳಿಯುತ್ತದೆ. ಮೇ ಮೊದಲ ವಾರ ದೋಣಿಯನ್ನು ತಂದು ಯಾರಾದರೊಬ್ಬರ ತೋಟದಲ್ಲಿ ತೆಂಗಿನ ಗರಿಯ ಚಪ್ಪರದಡಿ ನಿಲ್ಲಿಸಿದರೆ ಬಾಡಿಗೆಯಿಲ್ಲ, ಕಾವಲಿನ ಖರ್ಚಿಲ್ಲ, ತಳಕ್ಕೆ ಬಾರ್ನಕಲ್ ಚಿಪ್ಪು ಹತ್ತುವುದಿಲ್ಲ, ಸಂಜೆ ಹೊತ್ತು ಒಬ್ಬೊಬ್ಬರೇ ಹೋಗಿ ಉಜ್ಜಿ, ಬಣ್ಣ ಹೊಡೆದು, ಹಗ್ಗ ಬದಲಾಯಿಸಬಹುದು.

ಈಗ ಅಳತೆಗೆ ಬರೋಣ. ಇಂಗ್ಲೆಂಡಿನಲ್ಲಿ 1957ರಲ್ಲಿ ಇಯಾನ್ ಪ್ರಾಕ್ಟರ್ ರೂಪಿಸಿದ ವೇಫೇರರ್ ಎಂಬ ದೋಣಿಯಿದೆ. ಉದ್ದ ಸುಮಾರು 16 ಅಡಿ, ಬರೀ ದೋಣಿಯ ತೂಕ 170 ಕಿಲೋ ಆಸುಪಾಸು. ಅದೇ ದೇಶದ, ಸಂಸಾರಸ್ಥರು ಮೆಚ್ಚಿದ ವೆಸ್ಟರ್ಲಿ ಸೆಂಟಾರ್ 26 ಅಡಿಯದು, ತೂಕ ಮೂರು ಟನ್. ಉದ್ದದಲ್ಲಿ ಹತ್ತೇ ಅಡಿ ಹೆಚ್ಚು, ತೂಕದಲ್ಲಿ ಹೆಚ್ಚುಕಡಿಮೆ ಹದಿನೆಂಟು ಪಟ್ಟು. ದೋಣಿಯ ಖರ್ಚು ಬೆಳೆಯುವುದು ತೂಕವನ್ನು ಹಿಡಿದೇ ಹೊರತು ಉದ್ದವನ್ನು ಹಿಡಿದಲ್ಲ. ಹಾಯಿ ದೊಡ್ಡದಾಗುತ್ತದೆ, ಹಗ್ಗ ದಪ್ಪವಾಗುತ್ತದೆ, ಲಂಗರು ಭಾರವಾಗುತ್ತದೆ, ತಳಕ್ಕೆ ಹೊಡೆಯುವ ಬಣ್ಣದ ಡಬ್ಬಿಗಳು ಹೆಚ್ಚುತ್ತವೆ, ನೀರಿನಿಂದ ಎತ್ತಬೇಕೆಂದರೆ ಕ್ರೇನ್ ಕರೆಯಬೇಕು. ಹದಿನಾರು ಅಡಿಯದನ್ನು ನಾಲ್ಕು ಜನ ಸೇರಿ ಮರಳಿನ ಮೇಲೆ ಎಳೆದುಹಾಕಬಹುದು.

ಇಷ್ಟು ಚಿಕ್ಕ ದೋಣಿಯಲ್ಲಿ ಕರಾವಳಿ ಪ್ರಯಾಣ ಸಾಧ್ಯವೇ ಎಂದು ನಿಮ್ಮಲ್ಲೊಬ್ಬರು ಕೇಳಿದ್ದರಂತೆ. 1963ರಲ್ಲಿ ಫ್ರಾಂಕ್ ಡೈ ಎಂಬಾತ ವೇಫೇರರ್‌ನಲ್ಲಿ ಒಬ್ಬ ಜೊತೆಗಾರನೊಂದಿಗೆ ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿಗೆ ಹೋದರು. ಮರುವರ್ಷ ನಾರ್ವೆಗೆ ಹೋಗುವಾಗ ಬಿರುಗಾಳಿಗೆ ಸಿಕ್ಕಿ ದೋಣಿ ಮತ್ತೆ ಮತ್ತೆ ಮಗುಚಿತು, ಹಾಯಿ ಕಟ್ಟುವ ಕೂವೆಮರ ಮುರಿಯಿತು, ಆದರೂ ದಡ ಸೇರಿದರು. ನೀವು ಹಾಗೆ ಮಾಡಿ ಎಂದು ಇದನ್ನು ಬರೆಯುತ್ತಿಲ್ಲ. ಒಳ್ಳೆಯ ಸಣ್ಣ ದೋಣಿಯ ಶಕ್ತಿ ಅದನ್ನು ನಡೆಸುವವರ ಶಕ್ತಿಗಿಂತ ಎಷ್ಟು ಮುಂದಿರುತ್ತದೆ ಅನ್ನುವುದಕ್ಕೆ ಬರೆದೆ. ಇನ್ನು ನಮ್ಮ ಕರಾವಳಿಯ ಲೆಕ್ಕ ನೋಡಿ. ಸಾಮಾನು ತುಂಬಿದ ಹದಿನಾರು ಅಡಿಯ ದೋಣಿಯ ಮೇಲ್ಮಿತಿಯ ವೇಗ ಸಾಮಾನ್ಯವಾಗಿ ಐದೂವರೆ ನಾಟ್ ಹತ್ತಿರ. ಗಾಳಿಯ ಏರಿಳಿತ ಕಳೆದು ಗಂಟೆಗೆ ನಾಲ್ಕು ನಾಟಿಕಲ್ ಮೈಲಿ ಎಂದುಕೊಳ್ಳಿ. ಮಲ್ಪೆಯಿಂದ ಗಂಗೊಳ್ಳಿಗೆ ಸುಮಾರು 17 ನಾಟಿಕಲ್ ಮೈಲಿ, ಗಂಗೊಳ್ಳಿಯಿಂದ ಭಟ್ಕಳಕ್ಕೆ 20, ಅಲ್ಲಿಂದ ಹೊನ್ನಾವರಕ್ಕೆ ಮತ್ತೆ ಅಷ್ಟೇ, ಹೊನ್ನಾವರದಿಂದ ತದಡಿಗೆ 15. ಬೆಳಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಇನ್ನೊಂದು ಬಂದರು. ಮಂಗಳೂರು-ಮಲ್ಪೆ ನಡುವಿನ 30 ಮೈಲಿ ಮಾತ್ರ ಉದ್ದ. ಅದನ್ನು ಮೊದಲ ವರ್ಷ ಮುಟ್ಟಬೇಡಿ. ಸಣ್ಣ ದೋಣಿಗೆಂದೇ ಅಳೆದಿಟ್ಟ ಹಾಗಿರುವ ಕರಾವಳಿ ಇದು.

ಗಾಳಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಜಾವ ನೆಲದಿಂದ ಕಡಲಿಗೆ ಮೂಡುಗಾಳಿ ಬೀಸುತ್ತದೆ. ಬಿಸಿಲೇರಿದಂತೆ ಅದು ಸತ್ತು, ಸ್ವಲ್ಪ ಹೊತ್ತು ಗಾಳಿಯೇ ಇಲ್ಲದೆ, ಆಮೇಲೆ ಪಡುಗಾಳಿ ಎದ್ದು ವಾಯವ್ಯಕ್ಕೆ ತಿರುಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಈ ವಾಯವ್ಯದ ಗಾಳಿಗೆ ಜೋರು ಹೆಚ್ಚು. ಮಂಗಳೂರಿನಿಂದ ಕಾರವಾರದ ಕಡೆ ಹೋಗುವವರಿಗೆ ಅದು ಎದುರುಗಾಳಿ, ಕಾರವಾರದಿಂದ ಮಂಗಳೂರಿಗೆ ಬರುವವರಿಗೆ ಬೆನ್ನುಗಾಳಿ. ಟ್ರೇಲರ್ ಇದ್ದವರು ಇದನ್ನು ಬಳಸಿಕೊಳ್ಳಬಹುದು. ದೋಣಿಯನ್ನು ರಸ್ತೆಯ ಮೇಲೆ ತದಡಿಗೆ ಒಯ್ದು ನೀರಿಗಿಳಿಸಿ, ತೆಂಕಣಕ್ಕೆ ಮುಖಮಾಡಿ, ದಿನಕ್ಕೊಂದು ಬಂದರಿನಂತೆ ಇಳಿದು ಬನ್ನಿ. ನಿಮ್ಮಲ್ಲಿ ಇಬ್ಬರು ಗಾಡಿಯನ್ನು ಹೆದ್ದಾರಿ 66ರ ಮೇಲೆ ಜೊತೆಜೊತೆಗೇ ತರಲಿ. ಯಾರಿಗಾದರೂ ವಾಂತಿಯಾಯಿತು, ಗಾಳಿ ಕೆಟ್ಟಿತು, ಹಾಯಿ ಹರಿಯಿತು ಎಂದರೆ ಸಿಕ್ಕಿದ ಬಂದರಿನಲ್ಲೇ ದೋಣಿಯನ್ನು ಗಾಡಿಗೇರಿಸಿ ಮನೆಗೆ ಬರಬಹುದು. ಗೋವಾದ ಆ ದೋಣಿ ಈ ಸ್ವಾತಂತ್ರ್ಯ ಕೊಡುವುದಿಲ್ಲ. ಅದನ್ನು ತಂದವರು ಅದೇ ನೀರಿನಲ್ಲಿ, ಅದೇ ಎದುರುಗಾಳಿಯಲ್ಲಿ ವಾಪಸ್ ಒಯ್ಯಲೇಬೇಕು, ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗಬೇಕು ಅನ್ನುವ ಆತುರ ಬೇರೆ. ಆತುರದಲ್ಲಿ ಅಳಿವೆ ದಾಟಲು ಹೋದವರ ಕತೆಗಳನ್ನು ಗಂಗೊಳ್ಳಿಯ ಯಾವ ಮನೆಯಲ್ಲಿ ಬೇಕಾದರೂ ಕೇಳಬಹುದು.

ಅಳಿವೆ ಅಂದೆ. ಬಯಲುಸೀಮೆಯ ನಮಗೆ ಇದು ಹೊಸದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಹೊಳೆ ಕಡಲನ್ನು ಸೇರುವ ಬಾಯಿ ಅಳಿವೆ. ಹೊಳೆ ತಂದ ಮರಳು, ಕಡಲು ತಳ್ಳಿದ ಮರಳು ಎರಡೂ ಅಲ್ಲಿ ಸೇರಿ ನೀರೊಳಗೆ ದಿಬ್ಬ ಕಟ್ಟುತ್ತವೆ. ಪ್ರತಿ ಮಳೆಗಾಲ ಕಳೆದ ಮೇಲೆ ದಿಬ್ಬ ಜಾಗ ಬದಲಿಸಿರುತ್ತದೆ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಒಂದೇ ಬಾಯಿಂದ ಕಡಲಿಗೆ ಬೀಳುತ್ತವೆ. ಇಳಿತದ ಹೊತ್ತಿನಲ್ಲಿ ಇಷ್ಟೂ ನೀರು ಹೊರನುಗ್ಗುವಾಗ, ಕಡಲಿನ ಅಲೆ ಎದುರಿನಿಂದ ಬಂದು ದಿಬ್ಬದ ಮೇಲೆ ನೆಟ್ಟಗೆ ನಿಂತು ಮುರಿಯುತ್ತದೆ. ಅದೇ ಜಾಗ ಭರತದ ಕೊನೆಯ ಗಂಟೆಯಲ್ಲಿ ಸಮತಟ್ಟಾಗಿರುತ್ತದೆ. ಹೊನ್ನಾವರ, ತದಡಿ, ಹೆಜಮಾಡಿ ಎಲ್ಲ ಕಡೆಯೂ ಇದೇ ಲೆಕ್ಕ. ಇನ್ನೊಂದು ಅಪಾಯವಿದೆ. ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಮಹಾಸಾಗರದಲ್ಲಿ ಎದ್ದ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬರುತ್ತವೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಹೆಚ್ಚು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೇರಳ, ಕರ್ನಾಟಕ ಕರಾವಳಿಗೆ ಇದರ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆಯ ಜೊತೆಗೆ ಇದನ್ನೂ ನೋಡದೆ ಹೊರಡಬಾರದು.

ಇಂಥ ಬಾಯಿಗಳಲ್ಲಿ ಓಡಾಡುವ ದೋಣಿಯ ತಳ ಹೇಗಿರಬೇಕು? ಗೋವಾದ ದೋಣಿಗೆ ಕೆಳಗೆ ಸೀಸ ತುಂಬಿದ ಖಾಯಂ ಕೀಲ್ ಇದೆಯಂತೆ, ನಾಲ್ಕು ಅಡಿಗೂ ಹೆಚ್ಚು ನೀರು ಬೇಡುತ್ತದಂತೆ. ಅದು ದಿಬ್ಬಕ್ಕೆ ತಾಗಿದರೆ ಮುಂದಿನ ಅಲೆ ಅದನ್ನು ಪಕ್ಕಕ್ಕೆ ಮಲಗಿಸುತ್ತದೆ. ನಿಮಗೆ ಬೇಕಾದದ್ದು ಮೇಲೆತ್ತಬಹುದಾದ ನಡುಹಲಗೆ, ಮೇಲೆತ್ತಬಹುದಾದ ಚುಕ್ಕಾಣಿ. ಹಲಗೆ ಇಳಿಸಿದರೆ ಗಾಳಿಗೆ ಎದುರಾಗಿ ಓಡುತ್ತದೆ, ಎತ್ತಿದರೆ ಮೊಣಕಾಲುದ್ದದ ನೀರು ಸಾಕು, ಮರಳಿನ ಮೇಲೆ ನೆಟ್ಟಗೆ ಕೂರುತ್ತದೆ. ಇದರಿಂದ ಇನ್ನೊಂದು ಲಾಭವಿದೆ, ನನಗೆ ಅತಿ ಪ್ರಿಯವಾದದ್ದು. ಅಂಥ ದೋಣಿಗೆ ಹೊಳೆಗಳೂ ತೆರೆದುಕೊಳ್ಳುತ್ತವೆ. ಹೊನ್ನಾವರದಿಂದ ಶರಾವತಿಯಲ್ಲಿ ಒಳಕ್ಕೆ, ತದಡಿಯಿಂದ ಅಘನಾಶಿನಿಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಅಂಚಿಗೆ, ಗಂಗೊಳ್ಳಿಯಿಂದ ಕುದ್ರುಗಳೆಂಬ ಹೊಳೆದ್ವೀಪಗಳ ನಡುವೆ. ಕಡಲು ಕೆಟ್ಟಿರುವ ದಿನ ಹೊಳೆಯೊಳಗೇ ಎರಡು ದಿನ ಕಳೆಯಬಹುದು. ಸೇತುವೆಗಳ ಕೆಳಗೆ ಹೋಗಬೇಕಾದ್ದರಿಂದ ಕೂವೆಮರವನ್ನು ಇಬ್ಬರೇ ಮಡಚಿ ಇಳಿಸುವಂತಿರಲಿ.

ಕೂವೆಮರದ ಬಗ್ಗೆ ಒಂದು ಎಚ್ಚರಿಕೆ ಕೊಡದೆ ಮುಂದೆ ಹೋಗಲಾರೆ. ಅಲ್ಯೂಮಿನಿಯಂ ಮರ ಕರೆಂಟ್ ತಂತಿಗೆ ತಾಗಿದರೆ ಅದನ್ನು ಹಿಡಿದವರು ಬದುಕುವುದಿಲ್ಲ. ಹೊಳೆಯ ಮೇಲೆ ಅಡ್ಡ ಹಾದುಹೋಗುವ ತಂತಿಗಳಿಗಿಂತ ನನಗೆ ಹೆಚ್ಚು ಭಯ ನಮ್ಮ ತೋಟಗಳದ್ದು. ಪಂಪ್‌ಸೆಟ್‌ಗೆ ಎಳೆದ ತಂತಿಗಳು ನಮ್ಮಲ್ಲಿ ಎಷ್ಟು ಕೆಳಗೆ ಜೋತಿರುತ್ತವೆ ನಿಮಗೇ ಗೊತ್ತು. ದೋಣಿ ನಿಲ್ಲಿಸುವ ಚಪ್ಪರದ ಮೇಲೆ, ಹತ್ತಿರದಲ್ಲಿ, ಕೆರೆ ಏರಿಯ ದಾರಿಯಲ್ಲಿ ತಂತಿ ಇಲ್ಲವೆಂದು ನೋಡಿಕೊಂಡೇ ಮರ ಎತ್ತಿ.

ದೋಣಿ ಸಿಗುವುದೆಲ್ಲಿ? ಹೊಸದನ್ನು ಹೊರದೇಶದಿಂದ ತರಿಸುವ ಮಾತು ಬಿಡಿ. ಆಮದು ಸುಂಕದ ಮೇಲೆ, 2025ರ ಸೆಪ್ಟೆಂಬರ್‌ನಿಂದ ವಿಹಾರದೋಣಿಗಳ ಜಿಎಸ್‌ಟಿಯೂ ಶೇಕಡಾ 28ರಿಂದ 40ಕ್ಕೆ ಏರಿದೆ. ಉಳಿಯುವುದು ಮೂರು ದಾರಿ. ಒಂದು, ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬಯಿಗಳ ಕ್ಲಬ್ಬುಗಳು ಬಳಸಿ ಬಿಡುವ ಹಳೇ ದೋಣಿಗಳು. ಎಂಟರ್‌ಪ್ರೈಸ್ ಎಂಬ ಹದಿಮೂರು ಅಡಿಯದು ನಮ್ಮ ದೇಶದ ಕೆರೆಗಳಲ್ಲಿ ಮೊದಲಿನಿಂದ ಓಡುತ್ತಿದೆ. ಕಲಿಯುವುದಕ್ಕೆ ತುಂಬ ಒಳ್ಳೆಯದು, ಆದರೆ ಸಾಮಾನು ತುಂಬಿಕೊಂಡು ಕಡಲಿಗೆ ಹೋಗುವುದಕ್ಕೆ ಚಿಕ್ಕದಾಯಿತು. ಹದಿನಾರು ಹದಿನೇಳು ಅಡಿಯ, ಅರ್ಧ ಮುಚ್ಚಿದ, ಅಗಲವಾದದ್ದು ಸಿಕ್ಕರೆ ಬಿಡಬೇಡಿ. ಎರಡು, ಕರಾವಳಿಯಲ್ಲಿ ಫೈಬರ್ ನಾಡದೋಣಿ ಕಟ್ಟುವವರಿಂದ ದೋಣಿ ಮಾಡಿಸಿ ಹಾಯಿ ಜೋಡಿಸುವುದು. ಅಗ್ಗವಾಗುತ್ತದೆ, ಗಟ್ಟಿಯೂ ಹೌದು, ಆದರೆ ಎಂಜಿನ್ನಿಗೆಂದು ರೂಪಿಸಿದ ತಳ ಹಾಯಿಯಡಿಯಲ್ಲಿ ಸೋಮಾರಿ. ಗಾಳಿಗೆದುರು ಏರಲಾರದ ದೋಣಿಯನ್ನು ಹಾಯಿದೋಣಿ ಎಂದು ನಂಬಿ ಹೊರಡುವುದು ನನಗೆ ಒಪ್ಪಿಗೆಯಿಲ್ಲ.

ಮೂರನೆಯದು ನೀವೇ ಕಟ್ಟುವುದು. ಇದನ್ನು ಕೇಳಿ ನಗಬೇಡಿ. 1962ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರ ಹೆಸರಿನಲ್ಲಿ ಬಂದ ಮಿರರ್ ಎಂಬ ಪುಟ್ಟ ದೋಣಿಯನ್ನು ಪ್ಲೈವುಡ್ ಹಾಳೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ರೆಸಿನ್ ಬಳಿದು ಕಟ್ಟಬಹುದಿತ್ತು. ಸಾಮಾನ್ಯ ಸಂಸಾರಗಳು ಮನೆಯ ಶೆಡ್ಡಿನಲ್ಲಿ ಅದನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕಟ್ಟಿದವು. ನ್ಯೂಜಿಲೆಂಡಿನ ಜಾನ್ ವೆಲ್ಸ್‌ಫರ್ಡ್ ರೂಪಿಸಿದ ನ್ಯಾವಿಗೇಟರ್ ಎಂಬ 15 ಅಡಿಯ ದೋಣಿಯ ನಕ್ಷೆ ಕೊಳ್ಳಲು ಸಿಗುತ್ತದೆ, ಅದು ಕರಾವಳಿ ಪ್ರಯಾಣಕ್ಕೇ ಮಾಡಿದ್ದು. ತುಮಕೂರಿನಲ್ಲಿ ಒಳ್ಳೆಯ ಬಡಗಿಗಳಿದ್ದಾರೆ. ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಗುರುತಿರಬೇಕು, ಅದು ನೌಕೆಗೆ ಬಳಸುವ ದರ್ಜೆ. ಅಂಗಡಿಯವರು ಅಡುಗೆಮನೆಗೆಂದು ಕೊಡುವ 'ವಾಟರ್‌ಪ್ರೂಫ್' ಹಾಳೆಯೆಲ್ಲ ಇದಲ್ಲ. ಒಂದು ಚೂರನ್ನು ಕತ್ತರಿಸಿ ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ಪದರ ಬಿಟ್ಟರೆ ವಾಪಸ್ ಮಾಡಿ.

ಹೊಲಿದು ಕಟ್ಟುವುದು ಅಂದಾಗ ನೆನಪಾಯಿತು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತಾದ ಚಿತ್ರವೊಂದರಲ್ಲಿರುವ ಐದನೇ ಶತಮಾನದ ಹಡಗನ್ನು ನೋಡಿ, ಕೇರಳದ ಬಾಬು ಶಂಕರನ್ ಎಂಬ ಆಚಾರಿಯ ಮುಂದಾಳ್ತನದಲ್ಲಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ. ಅರಬ್ಬಿ ಸಮುದ್ರದ ಹಳೇ ಹಡಗುಗಳಲ್ಲಿ ಬಹುಪಾಲು ಹೀಗೆ ನಾರಿನಲ್ಲಿ ಹೊಲಿದವೇ. ತೆಂಗಿನ ನಾಡಿನವರಾದ ನಮಗೆ ಕಡಲಿನ ಜೊತೆ ನಂಟೇ ಇಲ್ಲವೆಂದು ಯಾರಾದರೂ ಅಂದರೆ ಒಪ್ಪಬೇಡಿ.

ಬಳಸಿದ ದೋಣಿ ಕೊಳ್ಳುವವರು ಅಂಜಬೇಕಾದ್ದಿಲ್ಲ, ನೋಡಲು ಕಲಿತಿರಬೇಕು. ನಮ್ಮ ಸೇನೆಯ ಎಂಜಿನಿಯರ್‌ಗಳು 1985ರಿಂದ 87ರವರೆಗೆ ಭೂಮಿಯನ್ನು ಸುತ್ತಿಬಂದ ತೃಷ್ಣಾ, ಭಾರತೀಯರ ಮೊದಲ ಭೂಪ್ರದಕ್ಷಿಣೆಯ ಹಾಯಿದೋಣಿ, ಬ್ರಿಟನ್ನಿನಲ್ಲಿ ಕೊಂಡ ಬಳಸಿದ ದೋಣಿಯೇ. ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ಹಾಗೆ ದೋಣಿಯನ್ನೂ ನೋಡಬೇಕು. ಸ್ಕ್ರೂಡ್ರೈವರ್‌ನ ಹಿಡಿಯಿಂದ ಫೈಬರ್ ಮೈಯನ್ನು ಅಂಗೈ ಅಗಲಕ್ಕೊಂದು ಸಲ ತಟ್ಟುತ್ತಾ ಹೋಗಿ. ಟಣ್ ಅನ್ನುತ್ತಿದ್ದದ್ದು ಎಲ್ಲಾದರೂ ಮಂಕಾದರೆ ಅಲ್ಲಿ ಪದರ ಬಿಟ್ಟಿದೆ. ದೋಣಿಯ ಡೆಕ್ಕಿನ ಮೇಲೆ ಬರಿಗಾಲಲ್ಲಿ ನಡೆಯಿರಿ, ಮೆತ್ತಗೆ ಕುಸಿದರೆ ಒಳಗಿನ ಮರ ಕೊಳೆತಿದೆ. ಕೂವೆಮರವನ್ನು ಹಿಡಿದಿರುವ ಸ್ಟೀಲ್ ತಂತಿಗಳನ್ನು ಕಾಗದದಿಂದ ಒರೆಸಿ ನೋಡಿ, ಮುರಿದ ಎಳೆ ಕಾಗದವನ್ನು ಹಿಡಿಯುತ್ತದೆ. ಹತ್ತು ವರ್ಷ ದಾಟಿದ ತಂತಿ ಹೊಳೆಯುತ್ತಿದ್ದರೂ ಬದಲಿಸಿ. ನಡುಹಲಗೆಯ ಗೂಡನ್ನು ಟಾರ್ಚ್ ಹಾಕಿ ನೋಡಿ, ಹಲಗೆ ತಿರುಗುವ ಬೋಲ್ಟಿನ ಸುತ್ತ ಬಿರುಕಿದ್ದರೆ ಬೆಲೆ ಎಷ್ಟೇ ಇಳಿದರೂ ಬೇಡ. ಹಾಯಿಯ ಬಟ್ಟೆಯನ್ನು ಮಡಚಿ ಉಗುರಿನಿಂದ ಗೀರಿ. ಕಾಗದದಂತೆ ಗೆರೆ ಉಳಿದರೆ ಬಿಸಿಲು ಅದನ್ನು ತಿಂದಿದೆ. ಬಣ್ಣ, ಹೊಳಪು, ಮೆತ್ತೆ, ಅಡುಗೆ ಸ್ಟವ್ ಇವನ್ನೆಲ್ಲ ನೋಡಲೇಬೇಡಿ.

ಕಾಗದಪತ್ರವೂ ದೋಣಿಯ ಒಂದು ಅಂಗವೇ. ಪರದೇಶದ ಯಾತ್ರಿಕರು ಬಿಟ್ಟುಹೋದ ದೋಣಿಗಳು ಗೋವಾ, ಕೊಚ್ಚಿಗಳಲ್ಲಿ ಅಗ್ಗಕ್ಕೆ ಸಿಗುವುದುಂಟು. ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಇಲ್ಲದಿದ್ದರೆ ಆ ಅಗ್ಗ ಮುಂದೆ ನಿಮ್ಮ ತಲೆಗೆ ಬರುತ್ತದೆ. ಕೊಳ್ಳುವ ಮುಂಚೆಯೇ ಮಂಗಳೂರು ಅಥವಾ ಕಾರವಾರದ ಬಂದರು ಕಚೇರಿಗೆ ಹೋಗಿ, ಇಂಥ ದೋಣಿಗೆ ಏನೇನು ನೋಂದಣಿ ಬೇಕು ಎಂದು ಬರಹದಲ್ಲಿ ಕೇಳಿ. ಟ್ರೇಲರ್ ಬಗ್ಗೆ ಆರ್‌ಟಿಒದವರನ್ನು ಕೇಳಿ. 2008ರ ಮುಂಬಯಿ ದಾಳಿಯಾದ ಮೇಲೆ ಕರಾವಳಿಯಲ್ಲಿ ಗುರುತಿಲ್ಲದ ದೋಣಿಯನ್ನು ಯಾರೂ ಸುಮ್ಮನೆ ಬಿಡುವುದಿಲ್ಲ, ಬಿಡಬಾರದು ಕೂಡ. ಹೊರಡುವ ಮುನ್ನ ಕರಾವಳಿ ಕಾವಲು ಪೊಲೀಸ್ ಠಾಣೆಗೆ ಹೋಗಿ ಹೆಸರು, ಫೋನ್, ಸೇರುವ ಬಂದರು ತಿಳಿಸಿ, ಸೇರಿದ ಮೇಲೂ ತಿಳಿಸಿ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಯ ನೀರು, ಅಂಜುದೀವ್ ದ್ವೀಪ ಇವುಗಳ ಹತ್ತಿರ ಸುಳಿಯಬೇಡಿ. ತದಡಿಯಿಂದ ಶುರುಮಾಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಹಣ ಹಂಚುವ ಬಗೆ: ಚೀಟಿಯ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದೋಣಿಗೆ ಹಾಕಬೇಡಿ. ಕಾಲು ಭಾಗ ಟ್ರೇಲರ್‌ಗೆ ಮತ್ತು ನಾಲ್ಕೈದು ಅಶ್ವಶಕ್ತಿಯ ಸಣ್ಣ ಔಟ್‌ಬೋರ್ಡ್‌ಗೆ. ಟ್ರೇಲರ್ ಸತುವಿನ ಲೇಪದ್ದಾಗಿರಲಿ. ಉಪ್ಪುನೀರಿಗೆ ಇಳಿದ ಚಕ್ರದ ಬೇರಿಂಗ್‌ಗಳನ್ನು ಅವತ್ತೇ ಸಿಹಿನೀರಿನಲ್ಲಿ ತೊಳೆದು ಗ್ರೀಸ್ ತುಂಬದಿದ್ದರೆ ಶಿರಾಡಿ ಏರುವಾಗ ಚಕ್ರ ಕಳಚುತ್ತದೆ. ಉಳಿದ ಕಾಲು ಭಾಗ ಜೀವರಕ್ಷಣೆಗೆ, ಕಲಿಕೆಗೆ, ಮೊದಲ ವರ್ಷದ ರಿಪೇರಿಗೆ. ಒಬ್ಬೊಬ್ಬರಿಗೂ ಮೈಗೆ ಹೊಂದುವ ಲೈಫ್ ಜಾಕೆಟ್, ನೀರಿಗೆ ಹೆದರದ ಕೈಯಳತೆಯ ವಿಎಚ್‌ಎಫ್ ರೇಡಿಯೋ ಮತ್ತು ಅದರ ಪರವಾನಗಿ, ಐದು ಕಿಲೋ ಲಂಗರು, ಅದಕ್ಕೆ ಮೂರು ಮೀಟರ್ ಸರಪಳಿ, ಐವತ್ತು ಮೀಟರ್ ಹಗ್ಗ, ಒಂದು ಜೊತೆ ಹುಟ್ಟು, ಎರಡು ಬಕೆಟ್. ಗಾಳಿ ಹೆಚ್ಚಾದಾಗ ಹಾಯಿಯನ್ನು ಎರಡು ಹಂತದಲ್ಲಿ ಕುಗ್ಗಿಸಿ ಕಟ್ಟಲು ಬರುವಂತೆ ಹೊಲಿಸಿರಬೇಕು. ಕೋಸ್ಟ್ ಗಾರ್ಡ್‌ನ 1554 ಎಲ್ಲರ ಫೋನಿನಲ್ಲೂ ಇರಲಿ. ರಾತ್ರಿ ಕಡಲಿನಲ್ಲಿ ಇರಬೇಡಿ. ದೀಪವಿಲ್ಲದ ಬಲೆಗಳು, ಆಳಸಮುದ್ರದಿಂದ ವಾಪಸಾಗುವ ಟ್ರಾಲರ್‌ಗಳು ಇಲ್ಲಿ ತುಂಬ. ಹಗಲಲ್ಲೂ ಬಲೆಯ ತೇಲುಬುರುಡೆಗಳ ಸಾಲು ಕಂಡರೆ ಸುತ್ತಿ ಹೋಗಿ. ಒಂದು ಬಲೆ ಹರಿದರೆ ಒಂದು ಮನೆಯ ತಿಂಗಳ ದುಡಿಮೆ ಹೋಗುತ್ತದೆ.

ಕಲಿಯುವುದನ್ನು ಮನೆಯ ಹತ್ತಿರದಿಂದಲೇ ಶುರುಮಾಡಬಹುದು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ದಶಕಗಳಿಂದ ಹಾಯಿ ಬಿಚ್ಚುತ್ತಿದ್ದಾರೆ, ರಾಷ್ಟ್ರಮಟ್ಟದ ಪಟುಗಳು ಅಲ್ಲಿಂದ ಬಂದಿದ್ದಾರೆ. ಮುಂಬಯಿ, ಹೈದರಾಬಾದ್‌ಗಳಲ್ಲಿ ವಾರದ ತರಬೇತಿಗಳಿವೆ, ನಿಮ್ಮಲ್ಲಿ ಇಬ್ಬರಾದರೂ ಹೋಗಿ ಕಲಿತು ಬನ್ನಿ. ಆಮೇಲೆ ಅಭ್ಯಾಸಕ್ಕೆ ನಮ್ಮ ಕೆರೆಗಳಿವೆ. ಗೂಳೂರು-ಹೆಬ್ಬೂರು ಏತ ನೀರಾವರಿಯ ಹೇಮಾವತಿ ನೀರು ಬಂದ ವರ್ಷ ನಮ್ಮ ಕೆರೆಗಳಲ್ಲಿ ಹದಿನಾರು ಅಡಿಯ ದೋಣಿ ತಿರುಗುವಷ್ಟು ನೀರಿರುತ್ತದೆ. ಕುಣಿಗಲ್ ದೊಡ್ಡಕೆರೆ, ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ ಇನ್ನೂ ವಿಶಾಲ. ಪಂಚಾಯಿತಿಯ, ನೀರಾವರಿ ಇಲಾಖೆಯ ಒಪ್ಪಿಗೆ ಪಡೆದೇ ಇಳಿಸಿ. ಕೋಡಿ, ತೂಬು, ಮಾರ್ಕೋನಹಳ್ಳಿಯ ಸೈಫನ್‌ಗಳ ಹತ್ತಿರಕ್ಕೆ ಹೋಗಕೂಡದು. ಕೆರೆಯಲ್ಲಿ ಮಾಡಬೇಕಾದ ಮುಖ್ಯ ಕೆಲಸ ಒಂದು: ದೋಣಿಯನ್ನು ಬೇಕೆಂತಲೇ ಮಗುಚಿ. ಒಳಗೆ ಗಾಳಿಪೆಟ್ಟಿಗೆಗಳಿದ್ದು ಅದು ತೇಲುತ್ತಿರಬೇಕು, ನಡುಹಲಗೆಯ ಮೇಲೆ ನಿಂತು ಅದನ್ನು ಇಬ್ಬರು ಎತ್ತಿ ನಿಲ್ಲಿಸಬೇಕು, ನೀರು ತೋಡಿ ಮತ್ತೆ ಹಾಯಿ ಬಿಚ್ಚಬೇಕು. ನಿಮ್ಮಲ್ಲಿ ಪ್ರತಿಯೊಬ್ಬರೂ ಇದನ್ನು ಸರಾಗವಾಗಿ ಮಾಡುವವರೆಗೆ ಶಿರಾಡಿ ಇಳಿಯಬೇಡಿ. ಈಜು ಬಾರದವರು ಮೊದಲು ಈಜು ಕಲಿಯಲಿ.

ತಂಗಿಯರಿಗೆ ಒಂದು ಮಾತು. ನೌಕಾಪಡೆಯ ಹಾಯಿದೋಣಿ ತಾರಿಣಿ 2017-18ರಲ್ಲಿ ಆರು ಮಹಿಳೆಯರೊಂದಿಗೆ ಭೂಮಿ ಸುತ್ತಿತು, 2024-25ರಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಅದರಲ್ಲೇ ಮತ್ತೆ ಸುತ್ತಿದರು. ಚುಕ್ಕಾಣಿ ಹಿಡಿಯುವ ಸರದಿಯಲ್ಲಿ ನಿಮ್ಮ ಪಾಲನ್ನು ಬಿಟ್ಟುಕೊಡಬೇಡಿ, ಡಬ್ಬಿ ಕಟ್ಟಿಕೊಡುವ ಕೆಲಸಕ್ಕೆ ಮಾತ್ರ ನಿಮ್ಮನ್ನು ಸೇರಿಸಿಕೊಂಡಿದ್ದರೆ ಚೀಟಿಯ ದುಡ್ಡು ವಾಪಸ್ ಕೇಳಿ.

ಕೊನೆಗೆ ಒಡೆತನ. ಜನ ಜಾಸ್ತಿ ಇದ್ದಷ್ಟೂ ಜಗಳ ಜಾಸ್ತಿ, ಅದು ಹುಟ್ಟುವುದು ದೋಣಿ ಕೆಟ್ಟಾಗ. ಯಾರ ಹೆಸರಿನಲ್ಲಿ ದೋಣಿ, ಪಾಲು ಬಿಡುವವರಿಗೆ ಎಷ್ಟು ಕೊಡಬೇಕು, ಹೊರಡಬೇಕೋ ಬೇಡವೋ ಎಂದು ಆ ಬೆಳಗ್ಗೆ ಯಾರು ತೀರ್ಮಾನಿಸಬೇಕು, ಇದನ್ನೆಲ್ಲ ಛಾಪಾ ಕಾಗದದ ಮೇಲೆ ಬರೆದುಕೊಳ್ಳಿ. ಹೊರಡುವ ವಿಷಯದಲ್ಲಿ ಬಹುಮತ ಬೇಡ. ಒಬ್ಬರು ಬೇಡ ಅಂದರೂ ಅವತ್ತು ಹೊರಡಬಾರದು, ಬೇಡ ಅಂದವರನ್ನು ಯಾರೂ ಹಂಗಿಸಬಾರದು ಎಂದು ಬರೆಯಿರಿ.

ಗೋವಾದವರಿಗೆ ಮುಂಗಡ ಕೊಡುವ ಮೊದಲು ನವೆಂಬರ್ ಮೊದಲ ವಾರ ಎಲ್ಲರೂ ಗಂಗೊಳ್ಳಿಗೆ ಬನ್ನಿ. ಕುಂದಾಪುರದವರೆಗೆ ರೈಲಿದೆ, ಬಸ್ಸಂತೂ ಇದ್ದೇ ಇದೆ. ಇಬ್ಬಿಬ್ಬರಂತೆ ನನ್ನ ದೋಣಿಯಲ್ಲಿ ಕೂರಿಸಿಕೊಂಡು ಕುದ್ರುಗಳ ನಡುವೆ ಸುತ್ತಿಸುತ್ತೇನೆ. ಅಳಿವೆಯನ್ನು ಭರತದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ದಡದ ಮೇಲೆ ನಿಂತು ನೋಡೋಣ. ನಿಮಗೆ ಹಿಡಿಸಿದ ಬೇರೆ ಯಾವುದಾದರೂ ದೋಣಿ ಇದ್ದರೆ ಅದರ ನಡುಹಲಗೆಯ ಗೂಡು, ಕೂವೆಮರದ ಬುಡ, ತಳ ಇವುಗಳ ಫೋಟೋ ತನ್ನಿ. ಊಟ, ಮಲಗುವ ವ್ಯವಸ್ಥೆ ನಮ್ಮ ಮನೆಯಲ್ಲೇ. ಎಷ್ಟು ಜನ ಬರುತ್ತೀರಿ ಎಂದು ಒಂದು ವಾರ ಮುಂಚೆ ತಿಳಿಸಿ.

ನಿಮ್ಮೂರಿನವನೇ ಆದ,
ಕುಂದಾಪುರದ ಅಣ್ಣ